ಉದ್ದ ಅಳೆಯಬೇಕೇ, ಹೊತ್ತು ಅಳೆಯಬೇಕೇ?

ಟಿಕೆಟ್ ಕೌಂಟರಿನ ಮುಂದೆ ನೂಕುನುಗ್ಗಲು. ಕಾಯುವ ಹಜಾರವನ್ನು ದೊಡ್ಡದು ಮಾಡಿದರೆ ಸರಿಹೋದೀತೆ? ಹಜಾರ ಬೆಳೆದ ಮಾತ್ರಕ್ಕೆ ಗುಮಾಸ್ತನ ಕೈ ಬೇಗ ಓಡುವುದಿಲ್ಲವಲ್ಲ! ಆದರೆ ಅಂತರ್ಜಾಲದ ಉಪಕರಣ ತಯಾರಕರು ಬಹುಕಾಲ ಮಾಡಿದ್ದು ಇದನ್ನೇ.

ಅಂತರ್ಜಾಲದಲ್ಲಿ ಮಾಹಿತಿ ಪ್ಯಾಕೆಟ್‌ಗಳೆಂಬ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ದಾರಿಯ ರೂಟರಿನಲ್ಲಿ ಅವು ಸರದಿಗಾಗಿ ಕಾಯುವ ಜಾಗವೇ ಬಫರ್. ಅದು ತುಂಬಿದಾಗ ಹೊಸ ಪ್ಯಾಕೆಟ್ ಬಿದ್ದುಹೋಗುತ್ತದೆ. ಕಳಿಸುವ ಕಂಪ್ಯೂಟರಿಗೆ ಅದೇ 'ನಿಧಾನಿಸು' ಎಂಬ ಸೂಚನೆ.

ಈ ಶಿಸ್ತು ಮೊದಲು ಇರಲಿಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ 400 ಗಜ ದೂರದ ವಿಶ್ವವಿದ್ಯಾಲಯಕ್ಕೂ ನಡುವೆ ಮಾಹಿತಿಯ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. ಅಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ! ಯಂತ್ರಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿ ಕಟ್ಟಿಹಾಕಿದ್ದವು. ಪ್ಯಾಕೆಟ್ ಕಳೆದುಹೋದರೆ ವೇಗ ತಗ್ಗಿಸುವ ಉಪಾಯವನ್ನು ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದರು.

ಮುಂದೆ ಮೆಮೊರಿ ಅಗ್ಗವಾಯಿತು, ಬಫರುಗಳು ಹಿಗ್ಗಿದವು. ಲೆಕ್ಕ ಮಾಡಿ ನೋಡಿ: ಸೆಕೆಂಡಿಗೆ 10 ಲಕ್ಷ ಬಿಟ್ ಸಾಗಿಸುವ ತಂತಿಯ ಮುಂದೆ 256 ಕಿಲೋಬೈಟ್ ಬಫರ್ ತುಂಬಿ ನಿಂತರೆ, ಕೊನೆಯ ಪ್ಯಾಕೆಟ್ ಕಾಯಬೇಕಾದದ್ದು ಸುಮಾರು 2 ಸೆಕೆಂಡ್. ನಿಧಾನಿಸು ಎಂಬ ಸೂಚನೆಯೂ ಅಷ್ಟೇ ತಡ. 2010ರಲ್ಲಿ ಜಿಮ್ ಗೆಟಿಸ್ ಮನೆಯಿಂದ ದೊಡ್ಡ ಕಡತ ಕಳಿಸುವಾಗ ಈ ತೊಂದರೆಯನ್ನು ಪತ್ತೆಹಚ್ಚಿ 'ಬಫರ್‌ಬ್ಲೋಟ್' ಎಂದು ಕರೆದರು. ಬಫರಿನ ಹೊಟ್ಟೆಯುಬ್ಬರ ಎನ್ನಬಹುದೇನೋ.

ಬಫರ್ ತುಂಬುವ ಮೊದಲೇ ಒಂದೊಂದು ಪ್ಯಾಕೆಟ್ ಬೀಳಿಸಿ ಎಚ್ಚರಿಸುವ 'ರೆಡ್' ವಿಧಾನವನ್ನು ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲೇ ಸೂಚಿಸಿದ್ದರು. ಅದು ನೋಡುತ್ತಿದ್ದುದು ಸರದಿಯ ಸರಾಸರಿ ಉದ್ದವನ್ನು. ಎಷ್ಟು ಉದ್ದವಾದರೆ ಅಪಾಯ ಎಂಬುದು ತಂತಿಯಿಂದ ತಂತಿಗೆ ಬೇರೆ. ಹೊಂದಿಸುವ ಗೋಜಿಗೆ ಅಂಜಿ ಅನೇಕರು ಅದನ್ನು ಬಳಸಲೇ ಇಲ್ಲ.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ 2012ರಲ್ಲಿ ತಂದ 'ಕಾಡಲ್' ಅಳೆಯುವುದು ಉದ್ದವನ್ನಲ್ಲ, ಹೊತ್ತನ್ನು. ಪ್ರತಿ ಪ್ಯಾಕೆಟ್ ಒಳಬರುವಾಗ ಸಮಯದ ಮುದ್ರೆ ಬೀಳುತ್ತದೆ. 100 ಮಿಲಿಸೆಕೆಂಡಿನಷ್ಟು ಹೊತ್ತು ಯಾವ ಪ್ಯಾಕೆಟ್ಟಿಗೂ 5 ಮಿಲಿಸೆಕೆಂಡಿಗಿಂತ ಕಡಿಮೆ ಕಾಯುವ ಭಾಗ್ಯ ಸಿಗದಿದ್ದರೆ ಒಂದನ್ನು ಬೀಳಿಸುತ್ತದೆ. ಸರದಿ ಕರಗದಿದ್ದರೆ 100 ಮಿಲಿಸೆಕೆಂಡ್ ಬಿಟ್ಟು ಇನ್ನೊಂದು, ನಂತರ 71, ನಂತರ 58. ಇಲ್ಲಿನ ಗುಟ್ಟನ್ನು ಹತ್ತನೇ ತರಗತಿಯವರೂ ಬಿಡಿಸಬಹುದು: 100ನ್ನು 2ರ, 3ರ ವರ್ಗಮೂಲದಿಂದ ಭಾಗಿಸಿ. ಕ್ಷಣಕಾಲ ಉಬ್ಬಿ ಇಳಿಯುವ ಸರದಿಯ ತಂಟೆಗೆ ಇದು ಹೋಗುವುದಿಲ್ಲ. ಅಂಥ ಸರದಿ ಬೇಕೇ ಬೇಕು. ಆದರೆ ಹೋಗಿಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುವ ಭೂಸ್ಥಿರ ಉಪಗ್ರಹದ ದಾರಿಗೆ ಈ 100 ಸಾಲದು.

ಮನೆಯಲ್ಲಿ ಆನ್‌ಲೈನ್ ಪಾಠ ತಡವರಿಸುತ್ತಿದೆಯೆಂದು ಪೋಷಕರು ದುಬಾರಿ ಪ್ಲಾನ್ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಕಂಪ್ಯೂಟರಿನಲ್ಲಿ ಪಿಂಗ್ ಓಡಿಸಿ, ಜೊತೆಗೇ ದೊಡ್ಡ ವಿಡಿಯೊ ಒಂದನ್ನು ಮೇಲೇರಿಸಿ. 30 ಮಿಲಿಸೆಕೆಂಡ್ ಇದ್ದದ್ದು 1,000 ದಾಟಿದರೆ ರೋಗ ಸರದಿಯಲ್ಲಿದೆ. ಕಾಡಲ್ ಸೌಲಭ್ಯವಿರುವ ರೂಟರ್ ಇದ್ದರೆ, ಅದರ ವೇಗವನ್ನು ತಂತಿಯ ವೇಗಕ್ಕಿಂತ ತುಸು ಕಡಿಮೆಗೆ ಹೊಂದಿಸಬೇಕು. ಇಲ್ಲವಾದರೆ ಸರದಿ ಬೆಳೆಯುವುದು ಅದರಾಚೆಯ ಮೋಡೆಮ್‌ನಲ್ಲಿ. ಅಲ್ಲಿ ಕಾಡಲ್‌ನ ಆಟ ನಡೆಯದು.