ಕಡಲಾಚೆಯ ಕಲಿಕೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಇವೆರಡೂ ಒಮ್ಮೆಗೇ ಕೈಗೂಡುವುದು ಪರದೇಶದ ವಿದ್ಯಾಭ್ಯಾಸದಲ್ಲಿ. ವೈದ್ಯಶಾಸ್ತ್ರವನ್ನೋ ಯಂತ್ರವಿದ್ಯೆಯನ್ನೋ ಕಲಿಯಲು ಹೊರಟವರನ್ನು ಯಾರೂ ತಡೆದು ಕೇಳುವುದಿಲ್ಲ. ಆದರೆ ಸಮಾಜಶಾಸ್ತ್ರದಲ್ಲೋ ಮಾನವಶಾಸ್ತ್ರದಲ್ಲೋ ಸ್ನಾತಕೋತ್ತರ ಪದವಿ ಪಡೆಯಲು ಹೊರಟರೆ, 'ನಮ್ಮ ಸಮಾಜವನ್ನು ಅರಿಯಲು ಅಷ್ಟು ದೂರ ಹೋಗಬೇಕೆ?' ಎಂಬ ಪ್ರಶ್ನೆ ಏಳುತ್ತದೆ.

ಇದು ಕೇವಲ ಮನೆಮಾತಿನ ಪ್ರಶ್ನೆಯಲ್ಲ. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ವಿದ್ಯಾರ್ಥಿಗಳಿಗೆ ಮೀಸಲಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಬದಲಿಸಿ, ಭಾರತದ ಸಂಸ್ಕೃತಿ, ಇತಿಹಾಸ ಮತ್ತು ಸಮಾಜವನ್ನು ಕುರಿತ ಅಧ್ಯಯನಗಳನ್ನು ಹೊರಗಿಟ್ಟಿತು. ಇಂಥ ವಿಷಯಗಳಿಗೆ ಬೇಕಾದ ಗ್ರಂಥಗಳೂ ತಜ್ಞರೂ ಇಲ್ಲಿಯೇ ಇದ್ದಾರೆಂಬ ವಾದ ಅದರ ಪರವಾಗಿ ಕೇಳಿಬಂದಿತು. ಆ ಮಾತು ನಿಜವೇ. ಆದರೆ ಪೂರ್ಣ ಸತ್ಯವಲ್ಲ. ದಿನವೂ ಕಾಣುವುದನ್ನು ಕಣ್ಣು ಗಮನಿಸುವುದಿಲ್ಲ. ಕೊಂಚ ದೂರ ಸರಿದು ನಿಂತಾಗಲೇ ಕೆಲವು ಸಂಗತಿಗಳ ಆಕಾರ ತಿಳಿಯುತ್ತದೆ.

ಡಾ. ಅಂಬೇಡ್ಕರ್ ಅವರ ಜೀವನವೇ ಇದಕ್ಕೆ ನಿದರ್ಶನ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿ, 1915ರಲ್ಲಿ ಎಂ.ಎ. ಪದವಿ ಪಡೆದರು. ಮರುವರ್ಷ ಅಲ್ಲಿನ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ ಭಾರತದ ಜಾತಿಪದ್ಧತಿ. ಸ್ವಜಾತಿಯೊಳಗೇ ವಿವಾಹವಾಗಬೇಕೆಂಬ ಕಟ್ಟುಪಾಡೇ ಜಾತಿಯ ಜೀವಾಳವೆಂದು ಅವರು ಅದರಲ್ಲಿ ಪ್ರತಿಪಾದಿಸಿದರು. ಬಾಲ್ಯದಿಂದ ಉಂಡ ನೋವಿನ ಕಾರಣವನ್ನು ಶಾಸ್ತ್ರೀಯವಾಗಿ ಬಿಡಿಸಿ ತೋರಿಸಲು ಆ ದೂರದ ನೆಲ ಅವಕಾಶವಿತ್ತಿತು.

ಮೈಸೂರಿನ ಎಂ. ಎನ್. ಶ್ರೀನಿವಾಸರ ಉದಾಹರಣೆಯೂ ಮನನೀಯ. ಕೊಡವರ ಆಚಾರವಿಚಾರಗಳ ವಿವರಗಳನ್ನು ಅವರು ಮೊದಲೇ ಸಂಗ್ರಹಿಸಿದ್ದರು. 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ಮೇಲೆ, ಗುರು ರ‍್ಯಾಡ್‌ಕ್ಲಿಫ್-ಬ್ರೌನರ ಮಾರ್ಗದರ್ಶನದಲ್ಲಿ ಅದೇ ವಿವರಗಳನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿದರು. ಅದರ ಫಲವಾಗಿ 1952ರಲ್ಲಿ ಪ್ರಕಟವಾದ ಗ್ರಂಥ ವಿದ್ವಲ್ಲೋಕದ ಮನ್ನಣೆ ಗಳಿಸಿತು. ಸಾಮಗ್ರಿ ಕೊಡಗಿನದು; ಅದನ್ನು ಕಾಣುವ ಕ್ರಮ ಕಡಲಾಚೆಯದು.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನೂ ಮರೆಯಬಾರದು. ದೂರದಿಂದಲೇ ನೋಡುವವನಿಗೆ ಸಮಾಜದ ಕಲ್ಲುಮುಳ್ಳುಗಳು ಕಾಣಿಸವು. ಆದುದರಿಂದಲೇ ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಬಂದು, ತಿಂಗಳುಗಟ್ಟಲೆ ಅಲ್ಲಿನ ಜನರೊಡನೆ ಬಾಳಿದರು. ಹೋಗುವುದು ಅರ್ಧ ಶಿಕ್ಷಣ. ಮರಳಿ ಬಂದು ಪರೀಕ್ಷಿಸಿ ನೋಡುವುದು ಉಳಿದರ್ಧ.

ವೆಚ್ಚದ ಮಾತೂ ಉಂಟು. ಬ್ರಿಟನ್ನಿನಲ್ಲಿ ಈ ಪದವಿಗೆ ಸಾಮಾನ್ಯವಾಗಿ ಒಂದು ವರ್ಷ ಸಾಕು. ಆದರೆ ಶುಲ್ಕ ಹೆಚ್ಚು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ಊಟ ವಸತಿಗಳ ಖರ್ಚು ತಪ್ಪದು. ಯಂತ್ರವಿದ್ಯೆ ಕಲಿತವರಿಗೆ ದೊರೆಯುವಷ್ಟು ಬೇಗ ಸಮಾಜವಿಜ್ಞಾನಿಗೆ ಸಂಬಳ ದೊರೆಯದಿರಬಹುದು. ಹೊಲಮನೆಗಳನ್ನು ಒತ್ತೆಯಿಟ್ಟು, ಕೇವಲ ಪರದೇಶದ ಹೆಸರಿಗೆ ಮರುಳಾಗಿ ಹೊರಡುವುದು ವಿವೇಕವಲ್ಲ.

ಹಣವುಳ್ಳವರು ಹೇಗೂ ಹೋಗಬಲ್ಲರು. ಬಡವರ ಮಕ್ಕಳಿಗೆ ವಿದ್ಯಾರ್ಥಿವೇತನವೊಂದೇ ಹಡಗು. ಅವರು ತಮ್ಮ ಸಮಾಜದ ಕುರಿತೇ ಪ್ರಶ್ನೆ ಕೇಳಬಯಸಿದಾಗ ಆ ಹಡಗನ್ನು ತಡೆಯುವುದು ನ್ಯಾಯವಲ್ಲ. ಹೊರಡುವ ವಿದ್ಯಾರ್ಥಿಯ ಹೊಣೆಯೂ ಚಿಕ್ಕದಲ್ಲ. ಪೆಟ್ಟಿಗೆಯಲ್ಲಿ ಬಟ್ಟೆಬರೆಗಳಿದ್ದರೆ ಸಾಲದು. ಮನಸ್ಸಿನಲ್ಲಿ ತನ್ನ ಊರಿನದೊಂದು ಪ್ರಶ್ನೆ ಇರಬೇಕು. ಆ ಪ್ರಶ್ನೆಗೆ ಉತ್ತರ ಹುಡುಕಿ ತಂದವನ ಪ್ರಯಾಣವೇ ಸಾರ್ಥಕ.