ಮುಚ್ಚಿದ ಒಲೆಯ ಕಾವು

ಖಗೋಳ ವಿಚಾರಗಳಲ್ಲಿ ಆಸಕ್ತರಾದ ತರುಣರು ಆಗಾಗ ಎತ್ತುವ ಪ್ರಶ್ನೆಯೊಂದುಂಟು. ಪರಮಾಣುಗಳಿಂದಾದ ಸಾಮಾನ್ಯ ದ್ರವ್ಯಕ್ಕಿಂತ ಸುಮಾರು 5 ಪಟ್ಟು ಹೆಚ್ಚಾದ ಕಪ್ಪು ದ್ರವ್ಯ ವಿಶ್ವದಲ್ಲಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ನಮಗಿಂತ ಬಹು ಮುಂದುವರಿದ ಜೀವಿಗಳು ಸುತ್ತಲೂ ಕಟ್ಟಡ ಕಟ್ಟಿ ಮರೆಮಾಡಿಕೊಂಡ ನಕ್ಷತ್ರಗಳೇ ಈ ದ್ರವ್ಯ ಏಕಾಗಿರಬಾರದು? ಈ ಮಾತನ್ನು ಕೇಳಿ ನಗುವುದು ಉಚಿತವಲ್ಲ; ತಲೆದೂಗಿ ಸುಮ್ಮನಾಗುವುದೂ ಉಚಿತವಲ್ಲ. ಏಕೆಂದರೆ ಇದಕ್ಕೆ ಉತ್ತರವಿದೆ.

ನಕ್ಷತ್ರವನ್ನು ಸುತ್ತುವರಿದು ಅದರ ಬೆಳಕನ್ನೆಲ್ಲ ಬಳಸಿಕೊಳ್ಳುವ ಕಲ್ಪನೆ 1937ರಲ್ಲಿ ಪ್ರಕಟವಾದ ಓಲಾಫ್ ಸ್ಟೇಪಲ್ಡನ್ನನ ಕಾದಂಬರಿಯಲ್ಲಿಯೇ ಉಂಟು. 1960ರಲ್ಲಿ ಭೌತವಿಜ್ಞಾನಿ ಫ್ರೀಮನ್ ಡೈಸನ್ ಅದನ್ನು ಶೋಧನೆಯ ವಿಷಯವನ್ನಾಗಿ ಮಾಡಿದನು. ಅವನು ಹೇಳಿದ್ದು ಸರಳವಾದ ಮಾತು: ಹಿಡಿದ ಬೆಳಕು ಇಲ್ಲವಾಗದು, ಬಳಕೆಯಾದ ಮೇಲೆ ಶಾಖವಾಗಿ ಹೊರಬೀಳಲೇಬೇಕು. ಒಲೆಯ ಬಾಯನ್ನು ಮುಚ್ಚಿದರೆ ಉರಿ ಮರೆಯಾದೀತು, ಕಾವು ಮರೆಯಾಗದು. ಆದುದರಿಂದ ಅಂತಹ ನಕ್ಷತ್ರ ಕಣ್ಣಿಗೆ ಕಾಣದಿದ್ದರೂ ಸುಮಾರು 10 ಮೈಕ್ರಾನ್ ಅಲೆಯುದ್ದದ ಅವಗೆಂಪು ಕಿರಣಗಳಲ್ಲಿ ಬೆಳಗುತ್ತಿರಬೇಕು.

ಹುಡುಕಾಟ ನಡೆದಿದೆ. ಕೆ.ಐ.ಸಿ. 8462852 ಎಂಬ ನಕ್ಷತ್ರದ ಬೆಳಕು ಕೆಲವೊಮ್ಮೆ ಶೇಕಡಾ 22ರವರೆಗೆ ಕುಗ್ಗಿದುದನ್ನು ಕೆಪ್ಲರ್ ದೂರದರ್ಶಕ ದಾಖಲಿಸಿತ್ತು. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂತಹ ನಕ್ಷತ್ರಕ್ಕೆ ಅಡ್ಡ ಬಂದರೂ ಕುಗ್ಗುವುದು ಸುಮಾರು ಶೇಕಡಾ 1 ಮಾತ್ರ. 2015ರಲ್ಲಿ ಇದು ಪ್ರಕಟವಾದಾಗ, ಅನ್ಯಜೀವಿಗಳ ಕಟ್ಟಡವೇ ಅಡ್ಡ ಬಂದಿತೆಂಬ ಊಹೆ ಲೋಕವೆಲ್ಲ ಹಬ್ಬಿತು. ಆದರೆ ಗಟ್ಟಿಯಾದ ಗೋಡೆ ಎಲ್ಲ ಬಣ್ಣಗಳನ್ನೂ ಸಮನಾಗಿ ತಡೆಯಬೇಕು. 2018ರಲ್ಲಿ ಪ್ರಕಟವಾದ ವೀಕ್ಷಣೆಗಳಲ್ಲಿ ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ಕುಗ್ಗಿತ್ತು. ಅಡ್ಡ ಬಂದದ್ದು ನುಣ್ಣನೆಯ ಧೂಳು. 2024ರಲ್ಲಿ ಸುಮಾರು 50 ಲಕ್ಷ ನಕ್ಷತ್ರಗಳನ್ನು ಜರಡಿ ಹಿಡಿದಾಗ 7 ಮಾತ್ರ ಸಂದೇಹಕ್ಕೆ ಉಳಿದವು. ಅವುಗಳಲ್ಲಿ 3ರ ದಿಕ್ಕಿನಲ್ಲಿಯೇ ರೇಡಿಯೋ ಅಲೆಗಳ ಆಕರಗಳು ಕಂಡುಬಂದು, ಹಿಂದಿರುವ ದೂರದ ಗೆಲಾಕ್ಸಿಗಳ ಧೂಳೇ ಆ ಶಾಖಕ್ಕೆ ಕಾರಣವಿರಬಹುದೆಂದು ತೋರಿತು.

ಇನ್ನು ಕಪ್ಪು ದ್ರವ್ಯದ ಮಾತು. 1933ರಲ್ಲಿ ಫ್ರಿಟ್ಸ್ ಜ್ವಿಕಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗವನ್ನು ಪರಿಶೀಲಿಸಿ, ಕಾಣುವ ದ್ರವ್ಯದ ಗುರುತ್ವ ಅವುಗಳನ್ನು ಹಿಡಿದಿಡಲಾರದೆಂದು ಕಂಡನು. 1970ರಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್, ಆಂಡ್ರೊಮಿಡಾ ಗೆಲಾಕ್ಸಿಯ ಹೊರಭಾಗಗಳೂ ವೇಗ ಕುಂದದೆ ಸುತ್ತುತ್ತಿವೆಯೆಂದು ತೋರಿಸಿದರು. ಈ ಕಾಣದ ತೂಕವೆಲ್ಲ ಮುಚ್ಚಿದ ನಕ್ಷತ್ರಗಳದಾಗಿದ್ದರೆ ಆಕಾಶವೆಲ್ಲ ಅವುಗಳ ಕಾವಿನಿಂದ ತುಂಬಿರಬೇಕಿತ್ತು, ಹಾಗಿಲ್ಲ. ಅಲ್ಲದೆ, ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಹುಟ್ಟಿದ ಭಾರಜಲಜನಕದ ಪ್ರಮಾಣವೇ ಸಾಮಾನ್ಯ ದ್ರವ್ಯ ಒಟ್ಟು ಎಷ್ಟೆಂಬುದನ್ನು ತಿಳಿಸುತ್ತದೆ. ಮುಚ್ಚಿದ ನಕ್ಷತ್ರವೂ, ಮುಚ್ಚಿದ ಗೋಡೆಯೂ ಆ ಲೆಕ್ಕದೊಳಗಿನವೇ. ಕಪ್ಪು ದ್ರವ್ಯ ಅದರ ಹೊರಗಿನದು.

ಹಾಗಾದರೆ ಕಲ್ಪನೆ ತಪ್ಪೇ? ಎಂದಿಗೂ ಅಲ್ಲ. ಡೈಸನ್ನನ ಕಲ್ಪನೆ ಮಾನ್ಯವಾದುದು, ತನ್ನನ್ನು ಸೋಲಿಸುವ ಬಗೆಯನ್ನೂ ಅದು ತಾನೇ ಹೇಳಿಕೊಟ್ಟಿತಾದ್ದರಿಂದ. ತಿಳಿಯದುದೆಲ್ಲ ಅನ್ಯಜೀವಿಗಳ ಕೈವಾಡವೆಂಬ ಮಾತಿಗೆ ಆ ಗುಣವಿಲ್ಲ. ಅದು ಯಾವ ಪರೀಕ್ಷೆಯಲ್ಲಿಯೂ ಸೋಲದು. ಆದುದರಿಂದ ಯಾವುದನ್ನೂ ಗೆದ್ದು ಕೊಡದು. ಹಿಂದೆ ಗ್ರಹಣಕ್ಕೆ ರಾಹುವನ್ನು ಹೊಣೆಮಾಡಿದಂತೆ, ಇಂದು ಅಜ್ಞಾನದ ಖಾಲಿ ಜಾಗದಲ್ಲಿ ಹೊಸ ಬಗೆಯ ರಾಹುವನ್ನು ಕೂರಿಸುವುದು ವಿಜ್ಞಾನವಾಗಲಾರದು.

ಕಪ್ಪು ದ್ರವ್ಯದ ಕಣ ಇಂದಿಗೂ ಯಾವ ಪ್ರಯೋಗಶಾಲೆಯ ಕೈಗೂ ಸಿಕ್ಕಿಲ್ಲ. ಅದು ಏನೆಂದು ತಿಳಿಯದು. ಆದರೆ ಎಷ್ಟೆಂದು ತಿಳಿದಿದೆ. ತರಗತಿಯಲ್ಲಿ ಈ ಪ್ರಶ್ನೆ ಎದ್ದಾಗ ಅಧ್ಯಾಪಕರು ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮುಚ್ಚಿಟ್ಟರೆ ವಿಜ್ಞಾನಕ್ಕೆ ಇಲ್ಲದ ಜಂಬ ಬರುತ್ತದೆ. ಎರಡನೆಯದನ್ನು ಮರೆತರೆ ಕಟ್ಟುಕಥೆಗೂ ಅದಕ್ಕೂ ಭೇದವೇ ಉಳಿಯದು.