ಹೆಸರು ಹಾಗೇ ಇರಲಿ, ಮಾತು ಕನ್ನಡವಾಗಲಿ

ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗದ ಮೂಲ 1890ರ ಕಲಾಭವನ. ಅದನ್ನು ಕಟ್ಟಿದ ರಸಾಯನಶಾಸ್ತ್ರದ ಮೇಷ್ಟ್ರು ತ್ರಿಭುವನದಾಸ್ ಗಜ್ಜರ್ ಅವರಿಗೆ ಒಂದು ಹಟವಿತ್ತು: ವಿಜ್ಞಾನವನ್ನೂ ಕಸುಬನ್ನೂ ಹುಡುಗರು ತಮ್ಮ ಮನೆಮಾತಿನಲ್ಲೇ ಕಲಿಯಬೇಕು. 1907ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಅಲೆಂಬಿಕ್ ಔಷಧ ಕಂಪನಿಯ ಹಿಂದೆ ಇದ್ದವರೂ ಗಜ್ಜರ್ ಮತ್ತು ಅವರ ಶಿಷ್ಯಬಳಗದವರೇ. ಅಂದರೆ, ಔಷಧ ತಯಾರಿಸುವುದು ಹೇಗೆ, ಅದರ ವಿದ್ಯೆಯನ್ನು ಯಾವ ಮಾತಿನಲ್ಲಿ ಹೇಳಿಕೊಡುವುದು ಎಂಬ ಎರಡೂ ಚಿಂತೆಗಳು ಒಂದು ಕಾಲಕ್ಕೆ ಒಂದೇ ತಲೆಯಲ್ಲಿದ್ದವು. ಮೊದಲನೆಯದರಲ್ಲಿ ಗುಜರಾತ್ ಗೆದ್ದಿದೆ; ಅಹಮದಾಬಾದ್, ವಡೋದರಾಗಳ ಮಾತ್ರೆಗಳು ಕರ್ನಾಟಕದ ಹೋಬಳಿ ಮಟ್ಟದ ಮೆಡಿಕಲ್ ಶಾಪಿಗೂ ಬಂದು ಬೀಳುತ್ತವೆ. ಎರಡನೆಯದನ್ನು ಗುಜರಾತೂ ಕೈಬಿಟ್ಟಿತು, ನಾವೂ ಕೈಬಿಟ್ಟೆವು. ನಮ್ಮ ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಬಹಳ. ಫಾರ್ಮಕಾಲಜಿಯ ಮೊದಲ ಅಧ್ಯಾಯದ ಇಂಗ್ಲಿಷ್ ವ್ಯಾಖ್ಯೆಗಳನ್ನು ಉರುಹೊಡೆದು ಅವರು ಪಾಸಾಗುತ್ತಾರೆ, ಮರುವರ್ಷ ವಾರ್ಡಿಗೆ ಬಂದು ಕನ್ನಡದ ರೋಗಿಯ ಮುಂದೆ ನಿಲ್ಲುತ್ತಾರೆ. ಆ ಪದಗಳನ್ನು ಕನ್ನಡಕ್ಕೆ ತರುವ ಅಗತ್ಯವಿಲ್ಲ, ಆ ಪದಗಳು ಮಾಡುವ ಭೇದವನ್ನು ಕನ್ನಡದಲ್ಲಿ ಆಡಲು ಬರಬೇಕು ಎಂಬುದಷ್ಟೇ ಈ ಟಿಪ್ಪಣಿಯ ವಾದ.

ಅಡ್ಡಪರಿಣಾಮ ಮತ್ತು ಅಲರ್ಜಿಯನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಸಾಲುಗಳಿವೆ, ಎರಡು ಅಂಕದ ಪ್ರಶ್ನೆಯೂ ಬರುತ್ತದೆ. ರೋಗಿಯ ಬಾಯಲ್ಲಿ ಮಾತ್ರ ಎರಡೂ ಒಂದೇ: 'ಆ ಮಾತ್ರೆ ನನಗೆ ಆಗಿಬರಲ್ಲ ಸಿಸ್ಟರ್.' ಈ ಒಂದು ಮಾತಿನೊಳಗೆ ಹೊಟ್ಟೆ ತೊಳೆಸಿದ್ದೂ ಇದೆ, 'ಹೀಟ್' ಆಗಿದ್ದೂ ಇದೆ, ಮೈತುಂಬ ದದ್ದೆದ್ದು ಉಸಿರು ಸಿಕ್ಕಿಕೊಂಡದ್ದೂ ಇದೆ. ಇಷ್ಟಕ್ಕೇ ಕೇಸ್‌ಶೀಟಿನಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದು ಬರೆದರೆ, ಬರೀ ಭೇದಿಯಾಗಿದ್ದ ರೋಗಿಗೆ ಒಳ್ಳೆಯ, ಅಗ್ಗದ ಔಷಧವೊಂದು ಜೀವಮಾನಕ್ಕೆ ತಪ್ಪಿಹೋಗುತ್ತದೆ. ಬರೆಯದೆ ಬಿಟ್ಟರೆ, ನಿಜಕ್ಕೂ ಅಲರ್ಜಿ ಇದ್ದವನಿಗೆ ಮುಂದಿನ ಇಂಜೆಕ್ಷನ್ ಜೀವಕ್ಕೇ ಕುತ್ತು. ಇಲ್ಲಿ ವ್ಯಾಖ್ಯೆ ನೆನಪಿದ್ದರಷ್ಟೇ ಸಾಲದು. 'ಆಗಿಬರಲ್ಲ ಅಂದ್ರೆ ಏನಾಯ್ತಮ್ಮ? ವಾಂತಿ ಬಂದಂಗಾಯ್ತಾ, ಕಡಿತ ಎದ್ದು ಮುಖ ಊದಿತಾ? ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ?' ಎಂದು ಕೇಳಬೇಕು. ಪುಸ್ತಕದ ಆ ಎರಡು ಸಾಲುಗಳು ಇರುವುದೇ ಈ ಪ್ರಶ್ನೆ ಹುಟ್ಟಲಿ ಎಂದು. ಆದರೆ ಈ ಪ್ರಶ್ನೆಯನ್ನು ಯಾವ ತರಗತಿಯೂ ಕಲಿಸುವುದಿಲ್ಲ. ಇಂಗ್ಲಿಷಿನಲ್ಲಿ ಕಲಿತದ್ದು ವಾರ್ಡಿಗೆ ಬಂದೊಡನೆ ತಾನಾಗಿ ಕನ್ನಡವಾಗುತ್ತದೆ ಎಂದು ನಂಬಿ ಕೂತಿದ್ದೇವೆ.

ಔಷಧದ ಹೆಸರುಗಳ ಸಂಗತಿ ಬೇರೆ. ಅವನ್ನು ಯಾರೂ ಮುಟ್ಟಬಾರದು. ವಿಶ್ವ ಆರೋಗ್ಯ ಸಂಸ್ಥೆ 1953ರಲ್ಲಿ ಮೊದಲ ಪಟ್ಟಿ ಹೊರಡಿಸಿದಾಗಿನಿಂದ ಜೆನೆರಿಕ್ ಹೆಸರುಗಳಿಗೆ ಒಂದು ಕಟ್ಟುಪಾಡಿದೆ. ಹೆಸರಿನ ಕೊನೆಯ ಭಾಗವೇ ಔಷಧದ ಕುಲವನ್ನು ಹೇಳುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು 'ಒಲಾಲ್' ಬಂದರೆ ಉಬ್ಬಸದ ರೋಗಿಯ ವಿಷಯದಲ್ಲಿ ಒಮ್ಮೆ ತಡೆದು ಯೋಚಿಸಬೇಕು. ಎನಲಾಪ್ರಿಲ್, ರಾಮಿಪ್ರಿಲ್ ಎಂದು 'ಪ್ರಿಲ್' ಬಂದರೆ ಒಣಕೆಮ್ಮಿನ ಸಾಧ್ಯತೆ ನೆನಪಾಗಬೇಕು; ಇಲ್ಲವಾದರೆ ಬಿಪಿ ಮಾತ್ರೆ ತಂದ ಕೆಮ್ಮಿಗೆ ತಿಂಗಳುಗಟ್ಟಲೆ ಸಿರಪ್ಪು ಕುಡಿಸುತ್ತಾ ಇರುತ್ತೇವೆ. ಅಮಾಕ್ಸಿಸಿಲಿನ್ ಎಂಬುದರ 'ಸಿಲಿನ್' ಅದು ಪೆನಿಸಿಲಿನ್ನಿನ ಬಳಗವೆಂದು ಸಾರುತ್ತದೆ, ಆದರೆ ಆಗ್ಮೆಂಟಿನ್ ಎಂಬ ಬ್ರ್ಯಾಂಡ್ ಹೆಸರು ಆ ಸುಳಿವನ್ನು ನುಂಗಿಹಾಕುತ್ತದೆ. ಅಲೆಂಬಿಕ್‌ನದೇ ಅಜಿತ್ರಾಲ್ ಅಷ್ಟು ಗುಟ್ಟು ಮಾಡುವುದಿಲ್ಲ, ಒಳಗಿರುವುದು ಅಜಿತ್ರೊಮೈಸಿನ್ ಎಂದು ಅರ್ಧಂಬರ್ಧವಾದರೂ ಹೇಳುತ್ತದೆ. ಬೆಂಗಳೂರಿನ ಡೋಲೋ ನುಂಗಿದವನೇ ನೆಗಡಿಗೆಂದು ಇನ್ನೊಂದು ಮಾತ್ರೆ ಕೇಳಿದಾಗ, ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು, ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು ಎಂಬುದು ಜೆನೆರಿಕ್ ಹೆಸರು ಓದಿದವರಿಗೆ ಮಾತ್ರ ಹೊಳೆಯುತ್ತದೆ. ಜಯಸುಖಲಾಲ್ ಹಾಥಿ ಸಮಿತಿ 1975ರಷ್ಟು ಹಿಂದೆಯೇ ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಲು ಹೇಳಿತ್ತು. ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ವೈದ್ಯಕೀಯ ಮಂಡಳಿ ವೈದ್ಯರಿಗೆ 2016ರಲ್ಲಿ ನಿಯಮ ಮಾಡಿತು. ಚೀಟಿಗಳು ಹೇಗಿವೆ ಎಂಬುದನ್ನು ಓದುಗರೇ ಬಲ್ಲರು.

ಭಾಷಾಭಿಮಾನಿಗಳು ಇಲ್ಲಿ ಆಕ್ಷೇಪ ಎತ್ತಬಹುದು: ಪದಗಳನ್ನೇ ಬಿಟ್ಟುಕೊಟ್ಟ ಮೇಲೆ ಕನ್ನಡಕ್ಕೆ ಉಳಿದದ್ದೇನು? ಪದಕೋಶದ ಮೇಲಿನ ಈ ನಂಬಿಕೆ ಹಳೆಯದು. ಅದೇ ವಡೋದರಾದ ಅಂದಿನ ಬರೋಡಾ ಸಂಸ್ಥಾನವೂ 1931ರಲ್ಲಿ ಆಡಳಿತದ ಮಾತುಗಳಿಗೆ ಹಲವು ಭಾಷೆಗಳ ಸಮಾನಪದ ಕೊಡುವ ದೊಡ್ಡ ಕೋಶವನ್ನು ತಂದಿತ್ತು. ಆಡಳಿತದಲ್ಲಿ ಅಂಥ ಕೋಶಕ್ಕೆ ಅರ್ಥವಿದೆ. ಅರ್ಜಿ, ಆದೇಶಗಳು ಆ ಪದಗಳಲ್ಲೇ ಓಡಾಡುತ್ತವೆ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ, ಚೀಟಿಯಲ್ಲಿ, ಕೇಸ್‌ಶೀಟಿನಲ್ಲಿ ಇರುವುದು ಮಾತ್ರ ಇಂಗ್ಲಿಷ್ ಹೆಸರೇ. ಔಷಧ ಮೈಯೊಳಗೆ ಹೇಗೆ ಓಡಾಡುತ್ತದೆ ಎಂಬುದನ್ನು ಹೇಳುವ ಫಾರ್ಮಕೊಕೈನೆಟಿಕ್ಸ್‌ಗೆ ಸಂಸ್ಕೃತದ ನಾಲ್ಕು ಪದ ಪೋಣಿಸಿ ಕೊಟ್ಟರೆ ವಿದ್ಯಾರ್ಥಿಗೆ ಉರುಹೊಡೆಯಲು ಇನ್ನೊಂದು ಪದ ಸಿಕ್ಕಿತೇ ಹೊರತು ರೋಗಿಗೆ ಏನೂ ಸಿಗಲಿಲ್ಲ. ಕನ್ನಡಕ್ಕೆ ಉಳಿಯುವುದು ಇದಕ್ಕಿಂತ ದೊಡ್ಡ ಕೆಲಸ. 'ನುಂಗಿದ ಮಾತ್ರೆ ರಕ್ತಕ್ಕೆ ಸೇರುತ್ತೆ, ಮೈಯೆಲ್ಲ ಹರಡುತ್ತೆ, ಪಿತ್ತಜನಕಾಂಗ ಅದನ್ನ ಒಡೆಯುತ್ತೆ, ಮೂತ್ರದಲ್ಲಿ ಹೊರಗೆ ಹೋಗುತ್ತೆ. ಹೋಗ್ತಾ ಹೋಗ್ತಾ ಕಡಿಮೆ ಆಗೋದ್ರಿಂದಲೇ ಎಂಟು ಗಂಟೆಗೊಂದು ಅಂತ ಬರೆದಿರೋದು' ಎಂದು ವಿದ್ಯಾರ್ಥಿನಿಯೊಬ್ಬಳು ತಡವರಿಸದೆ ಹೇಳಿದರೆ ಆ ಅಧ್ಯಾಯ ಅವಳಿಗೆ ಬಂದಂತೆ. ಇಂಗ್ಲಿಷಿನಲ್ಲಿ ಪೂರ್ಣ ಅಂಕ ತೆಗೆದು ಇದನ್ನು ಹೇಳಲಾರದವಳಿಗೆ ಇಂಗ್ಲಿಷಿನಲ್ಲೂ ಅದು ಬಂದಿಲ್ಲ ಎಂದೇ ನನ್ನ ಗುಮಾನಿ.

ಇದೆಲ್ಲ ಡಾಕ್ಟರು ಹೇಳಬೇಕಾದದ್ದು, ನರ್ಸ್ ಅಥವಾ ಫಾರ್ಮಸಿಸ್ಟ್ ಕೆಲಸವಲ್ಲ ಎನ್ನುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿವಳಿಕೆ ಕೊಡುವುದನ್ನು ಫಾರ್ಮಸಿಸ್ಟ್ ಹೊಣೆಯಾಗಿಯೇ ಎಣಿಸುತ್ತದೆ. ಕೌಂಟರಿನಲ್ಲಿ ನೂಕುನುಗ್ಗಲು, ಪುರುಸೊತ್ತು ಎಲ್ಲಿ ಎಂಬ ಮಾತನ್ನು ಹೀಗೆ ತಳ್ಳಿಹಾಕಲಾಗದು, ಅದು ನಿಜವೇ. ಆದರೆ ಎಲ್ಲ ಔಷಧಕ್ಕೂ ಪಾಠ ಮಾಡಬೇಕಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ಅದನ್ನು ದಿನವೂ ನುಂಗಿ ಮೂಳೆಮಜ್ಜೆ ಸೋತು ಸತ್ತವರ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ನಮ್ಮ ಚೀಟಿಗಳ 1-0-1 ಎಂಬ ಬರಹ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯನ್ನು ತೋರಿಸುತ್ತದೆ, ವಾರವನ್ನು ತೋರಿಸಲು ಅದರಲ್ಲಿ ಜಾಗವಿಲ್ಲ. 'ಸೋಮವಾರ ಮಾತ್ರ. ಮಂಗಳವಾರ ನೋವಿದ್ರೂ ತಗೋಬೇಡಿ' ಎನ್ನಲು ಎಷ್ಟು ಹೊತ್ತು ಬೇಕು?

ಕರ್ನಾಟಕದ ಕಾಲೇಜುಗಳಲ್ಲಿ ಕೇರಳದವರಿದ್ದಾರೆ, ಈಶಾನ್ಯದವರಿದ್ದಾರೆ. ನಮ್ಮ ಹುಡುಗಿಯರೂ ನಾಳೆ ಸೂರತ್‌ಗೋ ದುಬೈಗೋ ಕೆಲಸಕ್ಕೆ ಹೋಗುವವರು, ಕನ್ನಡದಲ್ಲಿ ಪರೀಕ್ಷೆ ಮಾಡಿದರೆ ಅವರ ಗತಿ ಏನು ಎಂಬುದು ಉಳಿದ ಪ್ರಶ್ನೆ. ಬರೆಯುವ ಪರೀಕ್ಷೆಯನ್ನು ಬದಲಿಸುವ ಮಾತನ್ನು ಇಲ್ಲಿ ಯಾರೂ ಆಡಿಲ್ಲ. ವೈವಾದಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸಿದರೆ ಸಾಕು: ಒಂದು ಮಾತ್ರೆಯ ಸ್ಟ್ರಿಪ್ಪನ್ನು ಕೈಗೆ ಕೊಟ್ಟು, ಜೆನೆರಿಕ್ ಹೆಸರನ್ನು ಓದಿಸಿ, ಹೇಗೆ ತೆಗೆದುಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನು ಆ ಆಸ್ಪತ್ರೆಯ ರೋಗಿಗಳ ಮಾತಿನಲ್ಲಿ ಹೇಳಿಸುವುದು. ಅದು ಕಲಬುರಗಿಯಲ್ಲಿ ಅಲ್ಲಿನ ಕನ್ನಡವಾಗಬಹುದು ಅಥವಾ ದಖ್ಖನಿಯಾಗಬಹುದು, ಕಾಸರಗೋಡಿನಲ್ಲಿ ತುಳುವೂ ಆಗಬಹುದು, ವಡೋದರಾದಲ್ಲಿ ಗುಜರಾತಿ. ಕೋಟಯಂನಿಂದ ಬಂದ ಹುಡುಗಿಗೆ ಮೊದಲ ವರ್ಷ ಇದು ಕಷ್ಟವೇ, ಒಪ್ಪೋಣ. ಆದರೆ ಅದೇ ವರ್ಷ ಅವಳನ್ನು ಅದೇ ರೋಗಿಗಳ ವಾರ್ಡಿಗೆ ಡ್ಯೂಟಿಗೆ ಹಾಕುತ್ತೇವಲ್ಲ.